ಷಡ್ಡಕನ ಕಾರಿನ ಹಿಂದಿನ ಬ್ರೇಕು

ಬದುಕಿರುವ ಷಡ್ಡಕನ ಜೊತೆ ಏಗುವುದು ಕಷ್ಟ. ತೀರಿಕೊಂಡ ಷಡ್ಡಕನ ಜೊತೆ ಏಗುವುದು ಯಾವ ಗಂಡಸಿನ ಕೈಲೂ ಆಗುವ ಕೆಲಸವಲ್ಲ. ಬದುಕಿದ್ದರೆ ಹಬ್ಬಕ್ಕೆ ಮಾವನ ಮನೆಯಲ್ಲಿ ಸಿಕ್ಕಾಗ ಅವನ ಮಾತಿಗೊಂದು ಅಡ್ಡಮಾತು ಹಾಕಬಹುದು, ಅವನ ಹೊಟ್ಟೆ ಮುಂದಕ್ಕೆ ಬಂದಿರುವುದನ್ನು ಹೆಂಡತಿಗೆ ಮೆಲ್ಲಗೆ ತೋರಿಸಬಹುದು. ಹಾರ ಹಾಕಿಸಿಕೊಂಡು ಗೋಡೆ ಏರಿದವನಿಗೆ ಏನು ಮಾಡುತ್ತೀರಿ? ಅಲ್ಲಿಂದಲೇ ನಗುತ್ತಿರುತ್ತಾನೆ. ಅವನಿಗೆ ಹೊಟ್ಟೆಯೂ ಇರುವುದಿಲ್ಲ. ಫೋಟೋ ಎದೆಮಟ್ಟಕ್ಕೆ ತೆಗೆದದ್ದು.

ಮಂಡ್ಯದ ಸರ್ಕಾರಿ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕನಾಗಿರುವ ಶಿವರಾಮುವಿನ ಕಷ್ಟ ಇದು. ಅವನ ಹೆಂಡತಿ ನಾಗಮಣಿಯ ತಂಗಿ ಸೌಮ್ಯ. ಸೌಮ್ಯಳ ಗಂಡ ಅಂಬರೀಶ್ ಭಾರತೀನಗರದಲ್ಲಿ ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟಿದ್ದವನು, ಸ್ಪ್ಯಾನರು ಹಿಡಿದುಕೊಂಡೇ ಹುಟ್ಟಿದವನು ಎಂದು ಬಳಗದಲ್ಲೆಲ್ಲ ಹೆಸರು ಮಾಡಿದ್ದವನು. ಶಿವರಾಮುವಿನ ಮನೆಯ ಮಿಕ್ಸಿ, ನೀರಿನ ಮೋಟಾರು, ಗೀಸರು, ಬಾಗಿಲ ಚಿಲಕ, ಒಮ್ಮೆ ನಾಗಮಣಿಯ ತಾಳಿ ಸರದ ಕೊಕ್ಕೆಯನ್ನು ಕೂಡ ಅವನೇ ಸರಿಮಾಡಿದ್ದ. (ತಾಳಿ ಕಟ್ಟಿದವನು ಪಕ್ಕದಲ್ಲಿ ನಿಂತು ನೋಡುತ್ತಿದ್ದ.) ಬಂದಾಗಲೆಲ್ಲ ಷಡ್ಡಕನಿಗೆ ಅಂಬರೀಶ್ ಕೊಡುತ್ತಿದ್ದ ಕೆಲಸ ಒಂದೇ. "ಅಣ್ಣ, ನೀವು ಇಲ್ಲೇ ನಿಂತ್ಕಳಿ. ಕೇಳ್ದಾಗ ಒಂದೊಂದೇ ಸ್ಪ್ಯಾನರು ಕೊಡಿ, ಸಾಕು." ಸರ್ಕಾರ ಶಿವರಾಮುವನ್ನು ಸಹಾಯಕನನ್ನಾಗಿ ಮಾಡಲು ಪರೀಕ್ಷೆಯಿಟ್ಟು, ಸಂದರ್ಶನ ಮಾಡಿ, ವರ್ಷಗಟ್ಟಲೆ ಕಾಯಿಸಿತ್ತು. ಅಂಬರೀಶ್ ಯಾವ ಪರೀಕ್ಷೆಯೂ ಇಲ್ಲದೆ ನೇಮಕ ಮಾಡಿಕೊಂಡಿದ್ದ.

ಅಂಥವನು ಹೋದ ಯುಗಾದಿ ಕಳೆದು ಕೆಲವೇ ದಿನಕ್ಕೆ, ಅಂಗಡಿಯಲ್ಲಿ ಎದೆ ಹಿಡಿದುಕೊಂಡು ಕುಳಿತವನು ಮೇಲೇಳಲಿಲ್ಲ. ಮಣ್ಣಿನ ದಿನ ಶಿವರಾಮು ಎಷ್ಟು ಜೋರಾಗಿ ಅತ್ತನೆಂದರೆ ಕೆಲವರಿಗೆ ಅನುಮಾನ ಬಂತು. ಅತ್ತದ್ದು ನಿಜವಾಗಿಯೇ. ಅಷ್ಟು ವರ್ಷ ಒಬ್ಬನ ಮೇಲೆ ಹೊಟ್ಟೆಕಿಚ್ಚು ಪಟ್ಟುಕೊಂಡು ಬಂದಿದ್ದು, ಅವನು ಇದ್ದಕ್ಕಿದ್ದಂತೆ ಇಲ್ಲವಾದರೆ ಆ ಹೊಟ್ಟೆಕಿಚ್ಚನ್ನು ತೆಗೆದುಕೊಂಡು ಹೋಗಿ ಎಲ್ಲಿ ಇಡುವುದು?

ಈಗ ಕಾರಿನ ವಿಷಯ. ಅಂಬರೀಶ್ ಒಂದು ಕಾರು ಬಿಟ್ಟು ಹೋಗಿದ್ದ. ಮಳವಳ್ಳಿಯ ಶಾಲೆಯೊಂದರಲ್ಲಿ ಟೀಚರಾಗಿರುವ ಸೌಮ್ಯಳನ್ನು ಬೆಳಿಗ್ಗೆ ಬಿಟ್ಟುಬಂದು ಸಂಜೆ ಕರೆತರುತ್ತಿದ್ದದ್ದು ಅದರಲ್ಲೇ. ಅವನು ಹೋದಮೇಲೆ ಅವಳು ಬಸ್ಸು ಹಿಡಿದಳು. ಕಾಲೇಜು ಹುಡುಗರು, ಫ್ಯಾಕ್ಟರಿಗೆ ಹೋಗುವವರು ಎಲ್ಲ ತುಂಬಿಕೊಂಡ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಹೋಗುವ ತಂಗಿಯನ್ನು ನೆನೆದು ನಾಗಮಣಿ ಮಂಡ್ಯದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಗಂಡನಿದ್ದಾಗಲೇ ಅವನ ಬಲವಂತಕ್ಕೆ ಲೈಸೆನ್ಸು ಮಾಡಿಸಿದ್ದ ಸೌಮ್ಯ, ದಸರೆಯ ಹೊತ್ತಿಗೆ ಮನಸ್ಸು ಗಟ್ಟಿಮಾಡಿಕೊಂಡು, ಸಂಜೆ ಹೊತ್ತು ಊರೊಳಗೇ ಒಂದು ಸುತ್ತು ಹೊಡೆದು ಅಭ್ಯಾಸ ಮಾಡತೊಡಗಿದಳು. ಸೋಮವಾರದಿಂದ ಮಳವಳ್ಳಿಗೆ ಕಾರಿನಲ್ಲೇ ಹೋಗುತ್ತೇನೆ ಎಂದೂ ಹೇಳಿದಳು. ಹೇಳಿದವಳು ಶುಕ್ರವಾರ ಫೋನು ಮಾಡಿ, ಆಗುವುದಿಲ್ಲ ಎಂದಳು.

ಕಾರಣ ಹಿಂದಿನ ಬ್ರೇಕು. ಚಕ್ರವನ್ನು ಅದುಮಿ ನಿಲ್ಲಿಸುವ ಪ್ಯಾಡು ಸವೆದುಹೋಗಿ, ಕಾರು ಬೀದಿಯ ತಿರುವಿನಲ್ಲಿ ನಿಧಾನ ಮಾಡಿದಾಗಲೆಲ್ಲ ಕಿರ್ರೆಂದು ಕಿರುಚುತ್ತಿತ್ತು. ಅಂಬರೀಶ್ ಇದ್ದಾಗಲೇ ಶುರುವಾಗಿದ್ದ ಸದ್ದು ಅದು. ಹೊಸ ಪ್ಯಾಡು ತಂದು ಸಜ್ಜೆಯ ಮೇಲೆ ಇಟ್ಟು, ಬರೋ ಭಾನುವಾರ ಹಾಕ್ತೀನಿ, ಬರೋ ಭಾನುವಾರ ಹಾಕ್ತೀನಿ ಎನ್ನುತ್ತಲೇ ಹೋಗಿಬಿಟ್ಟಿದ್ದ. ಊರಿನವರ ಟ್ರ್ಯಾಕ್ಟರನ್ನೆಲ್ಲ ಸರಿಮಾಡುವವನಿಗೆ ತನ್ನ ಗಾಡಿಗೆ ಪುರುಸೊತ್ತು ಎಲ್ಲಿ ಎಂದು ಎಲ್ಲರೂ ಮೆಚ್ಚಿಕೊಂಡೇ ಹೇಳುತ್ತಿದ್ದರು.

"ಆ ಸದ್ದು ಕೇಳಿದ್ರೆ ನಂಗೆ ಕಾಲೇ ಆಡಲ್ಲ ಕಣಕ್ಕ," ಎಂದಳಂತೆ ಸೌಮ್ಯ. "ಅವ್ರು ಬಂದಂಗೇ ಆಗುತ್ತೆ. ಗಾಡಿ ನಿಲ್ಸಿ ಅಳ್ತಾ ಕೂತ್ಕತೀನಿ. ಬಸ್ಸೇ ವಾಸಿ."

ಗ್ಯಾರೇಜಿಗೆ ಬಿಡು ಎಂದರೆ, ಅವರ ಗಾಡಿಯನ್ನು ಇದುವರೆಗೆ ಹೊರಗಿನವರು ಮುಟ್ಟಿಲ್ಲ ಎಂದು ಇನ್ನೂ ಜೋರಾಗಿ ಅತ್ತಳು. ಆ ಅಳುವನ್ನು ನಿಲ್ಲಿಸಬೇಕೆಂಬ ಒಂದೇ ಉದ್ದೇಶದಿಂದ ನಾಗಮಣಿ, "ನಿಮ್ ಭಾವ ಬಂದು ಹಾಕ್ತಾರೆ ಬುಡು," ಎಂದುಬಿಟ್ಟಳು.

ಫೋನಿಟ್ಟ ಮೇಲೆ ಗಂಡಹೆಂಡಿರು ಒಬ್ಬರನ್ನೊಬ್ಬರು ನೋಡಿಕೊಂಡರು. ಮದುವೆಯಾದ ಇಷ್ಟು ವರ್ಷದಲ್ಲಿ ಹೆಂಡತಿ ತನ್ನ ಪರವಾಗಿ ಮಾತು ಕೊಟ್ಟದ್ದು ಇದೇ ಮೊದಲು. ಶಿವರಾಮುವಿನ ಎದೆ ಉಬ್ಬಿತು.

"ಬಾಯ್ತಪ್ಪಿ ಬಂದ್ಬುಡ್ತು," ಎಂದಳು ನಾಗಮಣಿ. "ನಾಳೆ ಫೋನ್ ಮಾಡಿ ನಿಮ್ಗೆ ಸೊಂಟ ಹಿಡ್ಕಂಡದೆ ಅಂತ ಹೇಳ್ತೀನಿ."

"ಯಾಕೆ? ನಂಗಾಗಲ್ವಾ?"

"ಹೋದ್ ತಿಂಗ್ಳು ಬಲ್ಬು ಹಾಕಕ್ಕೆ ಹೋಗಿ ಕೆಳಗಿನ ಮನೆಯವ್ರಿಗೂ ಕರೆಂಟು ಹೋಯ್ತು."

"ಅದು ಅವ್ರ ಮನೆ ವೈರಿಂಗು ಸರಿ ಇರ್ಲಿಲ್ಲ."

"ನೋಡಿ, ಇದು ಬ್ರೇಕು. ಬಲ್ಬಲ್ಲ. ನನ್ ತಂಗಿ ಒಬ್ಬಳೇ ಹೋಗೋ ಗಾಡಿ."

"ಅದಕ್ಕೇ ನಾನೇ ಹಾಕ್ಬೇಕು," ಎಂದ ಶಿವರಾಮು. ಆ ಮಾತು ಅವನ ಬಾಯಿಂದ ಹೊರಬಂದ ರೀತಿಗೆ ನಾಗಮಣಿ ಸೊಂಟದ ಮಾತು ಕೈಬಿಟ್ಟಳು.

ಶನಿವಾರವೆಲ್ಲ ಜ್ಞಾನಾರ್ಜನೆ. ಕಚೇರಿಯ ಕಡತಗಳ ಮರೆಯಲ್ಲಿ ಫೋನಿಟ್ಟುಕೊಂಡು ಶಿವರಾಮು ಬ್ರೇಕಿನ ವಿಡಿಯೋಗಳನ್ನು ನೋಡಿದ. ಹಿಂದಿಯದು ಒಂದು, ಇಂಗ್ಲಿಷಿನದು ಒಂದಷ್ಟು, ಯಾವ ದೇಶದ್ದೆಂದೇ ತಿಳಿಯದ ಭಾಷೆಯದು ಒಂದು. ಕೊನೆಯದೇ ಚೆನ್ನಾಗಿ ಅರ್ಥವಾಯಿತು. ಅದರಿಂದ ಅವನಿಗೆ ತಿಳಿದ ಮಹಾಸತ್ಯ ಏನೆಂದರೆ, ಈ ಕಾರಿಗೆ ಎಳೆಯುವ ಹ್ಯಾಂಡ್ ಬ್ರೇಕೇ ಇಲ್ಲ. ಸನ್ನೆಕೋಲು ಇರಬೇಕಾದ ಜಾಗದಲ್ಲಿ ಉಗುರಗಲದ ಸ್ವಿಚ್ಚು. ಅದನ್ನು ಎತ್ತಿದರೆ ಹಿಂದಿನ ಎರಡೂ ಚಕ್ರದಲ್ಲಿರುವ ಪುಟ್ಟ ಮೋಟಾರುಗಳು ಗುಂಯ್ ಎಂದು ತಿರುಗಿ ಪ್ಯಾಡನ್ನು ಅದುಮಿ ಹಿಡಿಯುತ್ತವೆ. ಅವು ಹಿಡಿದ ಪಟ್ಟು ಬಿಡುವವರೆಗೆ ಪ್ಯಾಡು ಬದಲಾಯಿಸುವಂತಿಲ್ಲ. ಬಲವಂತ ಮಾಡಿ ಒತ್ತಿದರೆ ಮೋಟಾರಿನ ಹಲ್ಲು ಮುರಿಯುತ್ತದೆ. ಅದಕ್ಕೆ ಮೊದಲು ಗಾಡಿಯನ್ನು ಸರ್ವಿಸ್ ಮೋಡಿಗೆ, ಅಂದರೆ ರಿಪೇರಿಯ ಸ್ಥಿತಿಗೆ ಹಾಕಿ, 'ಕೈ ಹಿಂದಕ್ಕೆ ತಗೊಳ್ಳಪ್ಪ' ಎಂದು ಕೇಳಿಕೊಳ್ಳಬೇಕು. ಅದು ಕೇಳಿದ ಮೇಲೆ ಕೆಲಸ ಮುಗಿಯುವವರೆಗೆ ಆ ಸ್ವಿಚ್ಚು ಮುಟ್ಟಬಾರದು.

ಇದೆಲ್ಲ ತಿಳಿದ ಮೇಲೆ ಶಿವರಾಮುವಿಗೆ ಒಂದು ದೊಡ್ಡ ಸಂತೋಷವಾಯಿತು. ಬರೀ ಸ್ಪ್ಯಾನರಿನ ಕೆಲಸವಾಗಿದ್ದರೆ ಅಂಬರೀಶ್‌ನದೇ ಮೇಲುಗೈ. ಇದು ಮೊದಲು ಅರ್ಜಿ ಹಾಕಿ, ಅನುಮತಿ ಪಡೆದು, ಆಮೇಲೆ ಕೈ ಹಚ್ಚುವ ಕೆಲಸ. ಇದರಲ್ಲಿ ತನ್ನನ್ನು ಮೀರಿಸುವವರು ಯಾರು?

ಭಾನುವಾರ ಬೆಳಿಗ್ಗೆ ಇಬ್ಬರೂ ಬಸ್ಸಿನಲ್ಲಿ ಭಾರತೀನಗರಕ್ಕೆ ಹೋದರು. ಸೌಮ್ಯ ಕಾಫಿ ಕೊಟ್ಟು, ಸಜ್ಜೆಯ ಮೇಲಿನ ಪ್ಯಾಡಿನ ಡಬ್ಬವನ್ನು ಸೆರಗಿನಿಂದ ಒರೆಸಿ ಭಾವನ ಕೈಗೆ ಕೊಟ್ಟಳು. ಅಂಬರೀಶ್‌ನ ಸ್ಪ್ಯಾನರುಗಳ ಪೆಟ್ಟಿಗೆಯನ್ನೂ ತಂದಿಟ್ಟಳು. ಪ್ರತಿಯೊಂದೂ ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದು. ಒಂದನ್ನು ಕೈಗೆ ತೆಗೆದುಕೊಂಡ ಶಿವರಾಮು ಅಭ್ಯಾಸಬಲದಿಂದ ಪಕ್ಕಕ್ಕೆ ಚಾಚಿದ. ತೆಗೆದುಕೊಳ್ಳಲು ಯಾರೂ ಇರಲಿಲ್ಲ. ಕೈ ಹಿಂದಕ್ಕೆಳೆದುಕೊಂಡು, ಯಾರಾದರೂ ನೋಡಿದರೇನೋ ಎಂದು ಸುತ್ತ ನೋಡಿದ.

ನೋಡುವವರಿಗೇನು ಕಡಿಮೆಯಿರಲಿಲ್ಲ. ಅಂಬರೀಶ್ ಹೋದಮೇಲೆ ಆ ಅಂಗಳದಲ್ಲಿ ಮೊದಲ ಸಲ ಸ್ಪ್ಯಾನರಿನ ಸದ್ದು ಕೇಳಿ ಅಕ್ಕಪಕ್ಕದವರು ಬಂದು ನಿಂತಿದ್ದರು. ಎದುರು ಮನೆಯ ಚಿಕ್ಕಬೋರಯ್ಯ, ಕಬ್ಬು ಬೆಳೆಯುವ ಹಿರಿಯ, ಕುರ್ಚಿಯನ್ನೇ ತಂದು ಹಾಕಿಕೊಂಡು ಕುಳಿತ. ಶಿವರಾಮು ಡ್ರೈವರ್ ಸೀಟಿನಲ್ಲಿ ಕುಳಿತು, ವಿಡಿಯೋದಲ್ಲಿ ಹೇಳಿದ ಪ್ರಕಾರ ಒಂದನ್ನು ಒತ್ತಿ, ಇನ್ನೊಂದನ್ನು ತುಳಿದು, ಮತ್ತೊಂದನ್ನು ಹಿಡಿದು ಕಾದ. ಹಿಂದಿನ ಚಕ್ರದಲ್ಲಿ ಗುಂಯ್ ಎಂದಿತು. ಗಾಡಿ ಅವನ ಅರ್ಜಿಯನ್ನು ಒಪ್ಪಿತ್ತು. ಅವನು ಬಾಗಿಲು ತೆಗೆದು ಇಳಿದ ಠೀವಿ ನೋಡಿ ನಾಗಮಣಿಗೇ ಒಂದು ಗಳಿಗೆ ಈತ ಯಾರೋ ಅನ್ನಿಸಿತು.

ಪಾರ್ಕಿಂಗ್ ಬ್ರೇಕು ಈಗ ಹಿಡಿಯುವುದಿಲ್ಲವಾದ್ದರಿಂದ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟ. ಜಾಕು ಎತ್ತಿ, ಎಡಗಡೆಯ ಚಕ್ರ ಬಿಚ್ಚಿದ. ಪ್ಯಾಡನ್ನು ಅಪ್ಪಿ ಹಿಡಿದಿದ್ದ ಕಬ್ಬಿಣದ ಹಿಡಿಕೆಯನ್ನು, ಅದಕ್ಕೆ ಕ್ಯಾಲಿಪರು ಎನ್ನುತ್ತಾರೆಂದು ಎಲ್ಲರಿಗೂ ತಿಳಿಸಿ, ಬಿಚ್ಚಿ, ತಂತಿಯಿಂದ ಕಟ್ಟಿ ನೇತುಹಾಕಿದ.

"ಎತ್ತು ಕೆಡವದೇನೇ ಲಾಳ ಕಟ್ತಾವ್ನಲ್ಲ," ಎಂದ ಚಿಕ್ಕಬೋರಯ್ಯ. ಆ ಊರಿನಲ್ಲಿ ಅದು ಮೆಚ್ಚುಗೆ.

ಹಳೆಯ ಪ್ಯಾಡು ಹೊರಬಂತು. ಕಬ್ಬಿಣದ ಬೆನ್ನಿಗೆ ಹಪ್ಪಳದಷ್ಟು ತೆಳ್ಳಗೆ ಮಾತ್ರ ಉಜ್ಜುವ ಮಸಾಲೆ ಉಳಿದಿತ್ತು. ಶಿವರಾಮು ಅದನ್ನು ಕೈಯಲ್ಲಿ ಹಿಡಿದು ಘರ್ಷಣೆ, ಉಷ್ಣತೆ, ಚಾಲಕನ ಜವಾಬ್ದಾರಿ ಮುಂತಾದ ವಿಷಯಗಳ ಮೇಲೆ ಒಂದು ಕಿರು ಉಪನ್ಯಾಸ ಕೊಟ್ಟ. ಆ ಉಪನ್ಯಾಸವೊಂದು ಇರದಿದ್ದರೆ ಹೊಸ ಪ್ಯಾಡು ಅಷ್ಟರೊಳಗೆ ಒಳಗೆ ಕೂತಿರುತ್ತಿತ್ತು.

ಉಪನ್ಯಾಸ ಮುಗಿಯುವ ಹೊತ್ತಿಗೆ ಹೊಂಬಾಳಮ್ಮ ಹೊರಗೆ ಬಂದಳು.

ಹೊಂಬಾಳಮ್ಮ ಅಂಬರೀಶ್‌ನ ತಾಯಿ. ಮಗ ಹೋದಮೇಲೆ ನಡುಮನೆಯ ಕಂಬ ಬಿಟ್ಟು ಅಂಗಳಕ್ಕೆ ಬಂದವಳೇ ಅಲ್ಲ. ಈಗ ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಅರಿಶಿನ ಕುಂಕುಮ, ಊದುಬತ್ತಿ, ಕರ್ಪೂರ, ಒಂದು ನಿಂಬೆಹಣ್ಣು. ಅಂಬರೀಶ್ ಗಾಡಿಗೆ ಹೊಸದಾಗಿ ಏನೇ ಹಾಕಿದರೂ ಅವಳ ಕೈಯಲ್ಲಿ ಒಂದು ಪೂಜೆ ಮಾಡಿಸುತ್ತಿದ್ದ. ಅದು ಆ ಮನೆಯ ಪದ್ಧತಿ. ಅವಳು ಕಾರಿನ ಮೂತಿಗೆ ಕುಂಕುಮವಿಟ್ಟು, ಮುಂದಿನ ಚಕ್ರದಡಿ ನಿಂಬೆಹಣ್ಣಿಟ್ಟು, ಕರ್ಪೂರ ಹಚ್ಚಿ ಬೆಳಗಿದಳು. ಬೆಳಗಿ ಮುಗಿಸಿ ಶಿವರಾಮುವಿನ ಕಡೆ ತಿರುಗಿದಳು.

"ಪೂಜೆ ಆದ ಗಾಡಿ ಸುಮ್ನೆ ನಿಲ್ಬಾರ್ದು ಕಣಪ್ಪ. ಒಂದ್ಸತಿ ಚಾಲು ಮಾಡ್ಬುಡು."

ಶಿವರಾಮು ಹಿಂದಕ್ಕೆ ನೋಡಿದ. ಜಾಕಿನ ಮೇಲೆ ಕಾರು, ಕಳಚಿದ ಚಕ್ರ, ತಂತಿಯಲ್ಲಿ ನೇತಾಡುವ ಕ್ಯಾಲಿಪರು. ಪ್ಯಾಡು ಹಾಕಿದ ಮೇಲೆ ಚಾಲು ಮಾಡೋಣ ಅವ್ವ ಎನ್ನಬೇಕೆಂದಿದ್ದ. ಆದರೆ ತಟ್ಟೆಯಲ್ಲಿ ಕರ್ಪೂರ ಇನ್ನೂ ಉರಿಯುತ್ತಿತ್ತು. ಅದು ಆರುವುದರೊಳಗೆ ಗಾಡಿ ಸದ್ದು ಮಾಡಬೇಕೆಂದು ಅವಳು ಕಾದು ನಿಂತಿದ್ದಳು. ಎಷ್ಟೋ ತಿಂಗಳಾದ ಮೇಲೆ ಏನೋ ಒಂದು ಬೇಕೆಂದು ಬಾಯಿಬಿಟ್ಟು ಕೇಳಿದ್ದ ಮುದುಕಿ. ಇಲ್ಲ ಎನ್ನಲು ಅವನಿಗೆ ಮನಸ್ಸು ಬರಲಿಲ್ಲ. ಜೊತೆಗೆ, ಹೇಳಿಬಿಡುವುದೇ ಒಳ್ಳೆಯದು, ಬೀದಿಯವರೆಲ್ಲ ನೋಡುತ್ತಿದ್ದರು. ವಿಡಿಯೋದವನು ಮುಟ್ಟಬೇಡಿ ಎಂದದ್ದು ಪಾರ್ಕಿಂಗ್ ಬ್ರೇಕಿನ ಸ್ವಿಚ್ಚನ್ನು. ಗಾಡಿ ಚಾಲು ಮಾಡಬೇಡಿ ಎಂದು ಅವನು ಎಲ್ಲಿ ಹೇಳಿದ್ದಾನೆ? ನಿಯಮದಲ್ಲಿ ಇಲ್ಲದ್ದನ್ನು ನಿಷೇಧ ಎಂದು ತಿಳಿಯಬಾರದೆಂಬುದು ಕಚೇರಿಯಲ್ಲಿ ಅವನು ಹತ್ತು ಜನಕ್ಕೆ ಹೇಳಿಕೊಟ್ಟ ಪಾಠ.

ಶಿವರಾಮು ಸೀಟಿನಲ್ಲಿ ಹುಷಾರಾಗಿ ಕುಳಿತ. ಸ್ವಿಚ್ಚು ಮುಟ್ಟಲಿಲ್ಲ. ಆ ಕಾರು ಬ್ರೇಕು ತುಳಿದು ಗುಂಡಿ ಒತ್ತಿದರೆ ಮಾತ್ರ ಚಾಲು ಆಗುವಂಥದ್ದು. ಬ್ರೇಕು ತುಳಿದ. ಕಾಲು ಬೆಣ್ಣೆಯೊಳಗೆ ಇಟ್ಟ ಹಾಗೆ ಮೆತ್ತಗೆ ಕೆಳಗಿಳಿಯಿತು. ಸರಿಯಾಗಿ ಕೂರಲಿಲ್ಲವೆಂದು ಬಿಟ್ಟು ಮತ್ತೆ ತುಳಿದ. ಇನ್ನೊಂದು ಸಲ, ಶಕ್ತಿಯೆಲ್ಲ ಹಾಕಿ. ಕಾರು ಚಾಲುವಾಯಿತು. ಶಾಸ್ತ್ರಕ್ಕೆಂದು ಹಾರನ್ನೂ ಹೊಡೆದ. ಹೊಂಬಾಳಮ್ಮ ಕಣ್ಣುಮುಚ್ಚಿ ಕೈಮುಗಿದಳು.

ಹಿಂದುಗಡೆ ಟಪ್ ಎಂದಿತು.

"ಸಿವರಾಮಣ್ಣ, ಕೆಳೀಕೆ ಇಳಿ," ಎಂದ ಚಿಕ್ಕಬೋರಯ್ಯ, ಕುರ್ಚಿಯಿಂದ ಏಳದೆಯೇ. "ನಿನ್ ಗಾಡಿ ಉಚ್ಚೆ ಉಯ್ತಾ ಅದೆ."

ಅಪ್ಪಿ ಹಿಡಿಯಲು ಪ್ಯಾಡೂ ಇಲ್ಲದೆ, ಚಕ್ರದ ತಟ್ಟೆಯಾದ ಡಿಸ್ಕೂ ಇಲ್ಲದೆ ತಂತಿಯಲ್ಲಿ ನೇತಾಡುತ್ತಿದ್ದ ಕ್ಯಾಲಿಪರು, ಶಿವರಾಮು ತುಳಿದ ಒಂದೊಂದು ತುಳಿತಕ್ಕೂ ತನ್ನ ಹೊಟ್ಟೆಯಲ್ಲಿದ್ದ, ಪ್ಯಾಡು ಒತ್ತುವ ಪಿಸ್ಟನ್ನನ್ನು ಮುಂದಕ್ಕೆ ದೂಡಿ, ಕೊನೆಗೆ ಉಗಿದುಬಿಟ್ಟಿತ್ತು. ಬ್ರೇಕ್ ಎಣ್ಣೆ ಅಂಗಳದ ರಂಗೋಲಿಯ ಮೇಲೆ ಹರಿದು ನಿಂಬೆಹಣ್ಣಿನವರೆಗೆ ಬಂದು ನಿಂತಿತು. ಶಿವರಾಮು ಪಿಸ್ಟನ್ನನ್ನು ಎತ್ತಿಕೊಂಡು ವಾಪಸು ಒಳಗೆ ತುರುಕಲು ನೋಡಿದ. ಪ್ರಸವವಾದ ಮೇಲೆ ಮಗುವನ್ನು ಒಳಕ್ಕೆ ಕಳಿಸುವ ಪ್ರಯತ್ನದಂತಿತ್ತು ಅದು. ಯಾರೂ ನಗಲಿಲ್ಲ. ನಕ್ಕಿದ್ದರೆ ಅವನಿಗೆ ಎಷ್ಟೋ ವಾಸಿಯಾಗುತ್ತಿತ್ತು. ಒಬ್ಬೊಬ್ಬರಾಗಿ, ಅಂಬರೀಶ್‌ನ ಮಣ್ಣಿನ ದಿನ ಆ ಅಂಗಳದಿಂದ ಎದ್ದುಹೋದಂತೆಯೇ, ಹೇಳದೆ ಕೇಳದೆ ಮನೆಗಳಿಗೆ ಹೋದರು.

ಮಧ್ಯಾಹ್ನ ಮದ್ದೂರಿನಿಂದ ಗ್ಯಾರೇಜಿನವರ ಲಾರಿ ಬಂತು. ಅಂಬರೀಶ್‌ನ ಕಾರನ್ನು ಬೇರೆ ಗಾಡಿಯ ಬೆನ್ನಿನ ಮೇಲೆ ಹತ್ತಿಸಿ, ಹಗ್ಗ ಬಿಗಿದು, ಹೊರಗಿನವರು ಕೊಂಡೊಯ್ದರು. ಸೌಮ್ಯ ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ಒಳಗೆ ಹೋಗಿ ಭಾವನನ್ನು ಮಣೆಯ ಮೇಲೆ ಕೂರಿಸಿದಳು. ಊಟಕ್ಕೆ ಬಡಿಸಿ, ತುಪ್ಪವನ್ನೂ ಹಾಕಿದಳು. ಶಿವರಾಮು ಆ ತುಪ್ಪದ ಅನ್ನವನ್ನು ತಟ್ಟೆಯ ಅಂಚಿಗೆ ಸರಿಸಿದ.

ಮಂಡ್ಯದ ಬಸ್ಸಿನಲ್ಲಿ ನಾಗಮಣಿ ಯಲಿಯೂರಿನ ಕಡೆಯವರು ಯಾರೋ ಇಳಿಯುವವರೆಗೆ ತಡೆದುಕೊಂಡಿದ್ದಳು. ಪಕ್ಕದ ಸೀಟು ಖಾಲಿಯಾಗಿದ್ದೇ ತಡ, ನಾನು ಬಾಯ್ತಪ್ಪಿ ಅಂದರೆ ನೀವು ಕೈ ತಪ್ಪಿ ಮಾಡಬೇಕಿತ್ತೇ ಎಂದು ಶುರುಮಾಡಿದವಳು, ಗಂಡ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದನ್ನು ನೋಡಿ ಅಲ್ಲಿಗೇ ಬಿಟ್ಟಳು. ಆಮೇಲೆ ಅವನ ಅಂಗಿಯ ತೋಳಿಗಂಟಿದ್ದ ಎಣ್ಣೆಯ ಕಲೆಯನ್ನು ಉಗುರಿನಲ್ಲಿ ಕೆರೆಯುತ್ತ, ಇದು ಹೋಗುತ್ತದೋ ಇಲ್ಲವೋ ಎಂದಳು. ಸೋಮವಾರ ಸೌಮ್ಯ ಬಸ್ಸಿನಲ್ಲೇ ಮಳವಳ್ಳಿಗೆ ಹೋದಳು. ಆ ದಿನವಿಡೀ ಶಿವರಾಮು ಕಚೇರಿಯಲ್ಲಿ ಒಂದೇ ಕಡತವನ್ನು ತೆಗೆದು ಮುಚ್ಚಿ, ತೆಗೆದು ಮುಚ್ಚಿ ಮಾಡಿದ.

ದೀಪಾವಳಿ ಕಳೆದ ಒಂದು ಭಾನುವಾರ ಮಂಡ್ಯದ ಮನೆಯ ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ಸೌಮ್ಯ, ಕೈಯಲ್ಲಿ ಕಾರಿನ ಬೀಗದ ಕೈ. ಕೆಳಗೆ ಗೇಟಿನ ಬಳಿ ಕಾರು ನಿಂತಿತ್ತು. ಬಂದದ್ದೇ ಒಳಗಿದ್ದವರಿಗೆ ಗೊತ್ತಾಗಿರಲಿಲ್ಲ, ಅಷ್ಟು ಸದ್ದಿಲ್ಲ. ಗ್ಯಾರೇಜಿನವರು ಎಲ್ಲ ಸರಿಮಾಡಿಕೊಟ್ಟು, ಅಂಬರೀಶ್ ತಂದಿದ್ದ ಪ್ಯಾಡನ್ನೇ ಹಾಕಿದ್ದರು. ಮೊದಲು ಊರೊಳಗೆ, ಆಮೇಲೆ ಮದ್ದೂರಿನ ತನಕ, ಈಗ ದಿನಾ ಮಳವಳ್ಳಿಗೆ ಎಂದು ಅವಳು ಅಕ್ಕನಿಗೆ ಹೇಳುತ್ತ ಒಳಗೆ ಹೋದಳು. ಕಬ್ಬಿನ ಟ್ರ್ಯಾಕ್ಟರುಗಳನ್ನು ಹಿಂದೆ ಹಾಕುವ ವಿಷಯ ಹೇಳುವಾಗ ದನಿಯಲ್ಲಿ ಸ್ವಲ್ಪ ಜಂಬವೂ ಇತ್ತು. ಅಡಿಗೆಮನೆಯಿಂದ ಅಕ್ಕತಂಗಿಯರ ಮಾತು ಕೇಳಿ ಶಿವರಾಮುವಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇಳಿಸಿದವರು ಮದ್ದೂರಿನವರು, ಆದರೇನಂತೆ, ಇಳಿಯಿತು.

ಹೊಂಬಾಳಮ್ಮನೂ ಬಂದಿದ್ದಳು. ನಡುಮನೆಯ ಚಾಪೆಯ ಮೇಲೆ ಕುಳಿತು, ಅಡಿಗೆಮನೆಯ ಕಡೆ ಒಂದು ಸಲ ನೋಡಿ, ಸೀರೆಯ ಮಡಿಲಿನಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದು ಶಿವರಾಮುವಿನ ಮುಂದೆ ಇಟ್ಟಳು. ಒಳಗೆ ಗ್ಯಾರೇಜಿನವರು ವಾಪಸು ಕೊಟ್ಟ ಹಳೆಯ ಪ್ಯಾಡುಗಳು.

"ಇವನ್ನ ತಿರುಗ ಆಕ್ಬುಡಪ್ಪ," ಎಂದಳು, ದನಿ ತಗ್ಗಿಸಿ. "ಅವ್ಳಿಗೆ ಏಳ್ಬ್ಯಾಡ. ಒಂದ್ ಕಡೀಕೆ ಆಕುದ್ರೂ ಸಾಕು."

"ಯಾಕವ್ವ?"

"ತಿರುವಿನಲ್ಲಿ ಆ ಸದ್ದು ಕೇಳುಸ್ದಾಗ್ಲೇ ನಾನು ಎಸರು ಮಡಗ್ತಿದ್ದುದ್ದು. ಅವ್ನು ಕೈಕಾಲು ತೊಳ್ಕಂಡು ಬರಾಗಂಟ ಮುದ್ದೆ ಆಗೋದು, ಬಿಸೀದು. ಅವ್ನು ಓಗ್ಬುಟ್ಮೇಲೂವೆ, ಸೌಮ್ಯ ಗಾಡಿ ಕಲಿಯೋವಾಗ ಸಂಜೇಲಿ ಕೇಳುಸ್ತಿತ್ತು. ಈಗ ಏನೂ ಇಲ್ಲ. ಕಳ್ಳನಂಗೆ ಬಂದು ನಿಲ್ತದೆ."

ಏನೂ ತೋಚದಾಗ ಶಿವರಾಮು ವಿವರಿಸುತ್ತಾನೆ. ಸವೆದ ಪ್ಯಾಡು ಹಾಕಿದರೆ ಡಿಸ್ಕು ಗೀರುವುದು, ಮಳೆಯಲ್ಲಿ ಗಾಡಿ ಜಾರುವುದು, ಸರ್ವಿಸ್ ಮೋಡು, ಮೋಟಾರಿನ ಹಲ್ಲು ಎಲ್ಲವನ್ನೂ ಕ್ರಮವಾಗಿ ಹೇಳತೊಡಗಿದ. ಹೊಂಬಾಳಮ್ಮ ಅವನ ಮುಖವನ್ನೇ ನೋಡುತ್ತ ಸ್ವಲ್ಪ ಹೊತ್ತು ಕೇಳಿದಳು.

"ನಂಗೆ ಬರಾಕಿಲ್ಲ ಅಂತ ಒಂದ್ ಮಾತು ಅನ್ಬುಡಪ್ಪ, ಸಾಕು."

ಅವನು ಅಡಿಗೆಮನೆಯ ಕಡೆ ನೋಡಿದ. ಒಳಗೆ ಒಗ್ಗರಣೆಯ ಸದ್ದು.

"ಬರಲ್ಲ ಕಣವ್ವ," ಎಂದ.

ಹೊಂಬಾಳಮ್ಮ ತಲೆಯಾಡಿಸಿ ಕವರನ್ನು ಮತ್ತೆ ಮಡಿಲಿಗೆ ಹಾಕಿಕೊಂಡಳು. "ಅದ್ಕೆ ಯಾಕೆ ಮಕ ಸಣ್ಗೆ ಮಾಡ್ಕತೀಯ? ಅವ್ನಿಗೂ ಬರ್ತಿರ್ನಿಲ್ಲ. ಒಂದ್ ಭಾನ್ವಾರ ಚಕ್ರ ಬಿಚ್ಚಿ, ಫೋನು ನೋಡ್ಕಂಡು ನೋಡ್ಕಂಡು, ತಿರುಗ ಅಂಗೇ ಆಕ್ಬುಟ್ಟ. ಇದು ಕರೆಂಟಿನ ಬ್ರೇಕು ಕಣವ್ವ, ನಂಗೆ ತಿಳಿಯಾಕಿಲ್ಲ ಅಂದ. ಸಿವರಾಮಣ್ಣಂಗೆ ಮಾತ್ರ ಏಳ್ಬ್ಯಾಡ ಅಂದ."

ಇಷ್ಟು ವರ್ಷ ಶಿವರಾಮು ಯಾವ ಮಾತಿಗಾಗಿ ಕಾದಿದ್ದನೋ ಆ ಮಾತು ಬಂದು ಅವನ ಮುಂದೆ ಚಾಪೆಯ ಮೇಲೆ ಕುಳಿತಿತ್ತು. ಎದ್ದು ಹೋಗಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ನಾಗಮಣಿಗೆ ಕೇಳುವಂತೆ ಹೇಳಬಹುದಿತ್ತು. ಅವನು ಎದ್ದೂಬಿಟ್ಟ. ಎದ್ದವನು ಗೋಡೆಗೆ ಒರಗಿ, ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸತೊಡಗಿದ. ಒರೆಸುತ್ತಲೇ ಇದ್ದ.

"ಇಲ್ಲ ಕಣವ್ವ," ಎಂದ ಕೊನೆಗೆ. "ಅವನಿಗೆ ಬರ್ತಿತ್ತು. ನಾನು ನೋಡಿದ್ದೀನಿ. ಪಕ್ಕದಲ್ಲಿ ನಿಂತ್ಕಂಡು ಒಂದೊಂದೇ ಕೊಡಕ್ಕೆ ಅವತ್ತು ಯಾರೂ ಇರ್ಲಿಲ್ಲ, ಅಷ್ಟೆ."